ಪಹಣಿ ಇಲ್ಲದ ಪ್ರೇಮಕತೆ

ಕೊಲೀನ್ ಹೂವರ್ ಬಗ್ಗೆ ಕೆಟ್ಟದಾಗಿ ಮಾತಾಡಿದರೆ ಆಫೀಸ್ ಕ್ಯಾಬ್‌ನಲ್ಲಿ ಪಕ್ಕದ ಸೀಟಿನವರು ಇಯರ್‌ಫೋನ್ ಹಾಕ್ಕೊಂಡುಬಿಡ್ತಾರೆ. ಆದರೂ ಹೇಳ್ತೀನಿ: ‘ರಿಗ್ರೆಟಿಂಗ್ ಯೂ’ ಒಂದು ಹೇಡಿ ಕಾದಂಬರಿ. ಅದು ಪ್ರೇಮಕತೆ ಅನ್ನೋ ಕಾರಣಕ್ಕಲ್ಲ. ಪ್ರೇಮಕತೆ ಕಂಡರೆ ಮೂಗು ಮುರಿಯುವವರ ಪೈಕಿ ನಾನಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಅವರನ್ನು ‘ಅಡುಗೆಮನೆ ಸಾಹಿತ್ಯ’ ಅಂತ ತಳ್ಳಿದ ಗಂಡಸರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೂವರ್ ಜೊತೆ ನನ್ನ ಜಗಳ ಆಕೆ ಕಟ್ಟಿದ ಸಂಸಾರದ ಬಗ್ಗೆ.

ಕತೆ ಇಷ್ಟು. 2019ರ ಪುಸ್ತಕ, 2025ರ ಅಕ್ಟೋಬರ್‌ನಲ್ಲಿ ಸಿನಿಮಾನೂ ಬಂತು ಅಂತ ಲೆಕ್ಕ ಸರಿಯಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಸಿನಿಮಾ ಬಂದ ಮೇಲೆ ಇದನ್ನು ಓದದವರೇ ಇಲ್ಲ. ತಾಯಿ ಮಾರ್ಗನ್, ಹದಿಹರೆಯದ ಮಗಳು ಕ್ಲಾರಾ. ಒಂದೊಂದು ಅಧ್ಯಾಯ ಒಬ್ಬೊಬ್ಬರ ಬಾಯಲ್ಲಿ. ಮಾರ್ಗನ್ ಗಂಡ ಕ್ರಿಸ್, ತಂಗಿ ಜೆನ್ನಿ, ಇಬ್ಬರೂ ಒಂದೇ ಕಾರಿನ ಅಪಘಾತದಲ್ಲಿ ಸಾಯುತ್ತಾರೆ. ಒಂದೇ ಕಾರಿನಲ್ಲಿ ಯಾಕಿದ್ದರು ಅನ್ನುವಲ್ಲಿಗೆ ಗುಟ್ಟು ಬಯಲು. ಜೆನ್ನಿಯ ಹಸುಗೂಸು ಇಲೈಜಾ ಅವಳನ್ನು ಮದುವೆಯಾಗಬೇಕಿದ್ದ ಜೋನಾನ ಮಗುವಲ್ಲ, ಕ್ರಿಸ್‌ನ ಮಗು. ಅಪ್ಪನ ಮೇಲೆ ಮಗಳಿಗಿರುವ ಪ್ರೀತಿ ಕೆಡಬಾರದು ಅಂತ ಮಾರ್ಗನ್ ಇದನ್ನು ಮುಚ್ಚಿಡುತ್ತಾಳೆ. ಅಮ್ಮ-ಜೋನಾ ಹತ್ತಿರವಾಗುವುದನ್ನು ಕಂಡ ಕ್ಲಾರಾ ಅಮ್ಮನೇ ದ್ರೋಹಿ ಅಂದುಕೊಳ್ಳುತ್ತಾಳೆ. ಕೂಗಾಟ, ಕಣ್ಣೀರು, ನಡುವೆ ಮಿಲ್ಲರ್ ಅನ್ನೋ ಹುಡುಗನ ಜೊತೆ ಕ್ಲಾರಾಳ ಪ್ರೀತಿ.

ಅದರಲ್ಲಿ ನಿಜವಾದ ಎಳೆ ಒಂದಿದೆ, ಒಪ್ಪಿಕೊಳ್ತೀನಿ. ಅಪಘಾತದ ಹೊತ್ತಿಗೆ ಕ್ಲಾರಾ ಚಿಕ್ಕಮ್ಮನಿಗೆ ಮೆಸೇಜ್ ಮಾಡುತ್ತಿದ್ದಳು. ತನ್ನಿಂದಲೇ ಸತ್ತರಾ ಅನ್ನೋ ಭಯ ಅವಳನ್ನು ಕೊರೆಯುತ್ತೆ. ಆ ಒಂದು ಭಯದ ಮೇಲೆ ಇಡೀ ಕಾದಂಬರಿ ನಿಲ್ಲಿಸಬಹುದಿತ್ತು. ಆದರೆ ನೂರಾರು ಪುಟ ನಿಂತಿರುವುದು, ಅಮ್ಮ ಆಡಬೇಕಾದ ಒಂದು ಮಾತು ಆಡಲಿಲ್ಲ ಅನ್ನುವುದರ ಮೇಲೆ. ನಮ್ಮ ಸಂಜೆ ಸೀರಿಯಲ್‌ಗಳಲ್ಲಿ ಬಾಗಿಲ ಹಿಂದೆ ಅರ್ಧ ಮಾತು ಕೇಳಿಸಿಕೊಂಡು ವರ್ಷಗಟ್ಟಲೆ ಎಳೀತಾರಲ್ಲ, ಅದೇ ತಂತ್ರ. ಸೀರಿಯಲ್ ನೋಡೋ ಅಜ್ಜಿಯನ್ನು ಆಡಿಕೊಳ್ಳುವ ನಾವು ಇದಕ್ಕೆ ಮಾತ್ರ ಐದು ಸ್ಟಾರ್ ಕೊಡ್ತೀವಿ.

ಇನ್ನೂ ದೊಡ್ಡ ತಕರಾರು ಬೇರೆ ಇದೆ. ಸತ್ತವನಿಗೆ ಇನ್ನೊಂದು ಮಗು ಇದೆ ಅಂತ ಗೊತ್ತಾಯಿತು. ಆಮೇಲೆ? ಆ ಮಗುವಿಗೆ ಏನು ಸೇರಬೇಕು, ಕ್ಲಾರಾಗೆ ಏನು ಸೇರಬೇಕು, ಇದು ಕಾದಂಬರಿಯ ಪ್ರಶ್ನೆಯೇ ಆಗುವುದಿಲ್ಲ. ಮಗು ಯಾರದು ಅನ್ನುವ ಗುಟ್ಟು ಇಲ್ಲಿ ಇಬ್ಬರು ದೊಡ್ಡವರ ಪ್ರೀತಿಗೆ ದಾರಿ ಬಿಡಿಸಿಕೊಡುವ ಸಾಧನ, ಅಷ್ಟೇ.

ಇದೇ ಗುಟ್ಟನ್ನು ಎಸ್.ಎಲ್. ಭೈರಪ್ಪ 1965ರ ‘ವಂಶವೃಕ್ಷ’ದಲ್ಲಿ ಏನು ಮಾಡಿದರು ನೋಡಿ. ವಂಶದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಗಳಿಗೆ, ತಾನು ಆ ವಂಶದ ರಕ್ತವೇ ಅಲ್ಲ ಅಂತ ಮುಪ್ಪಿನಲ್ಲಿ ತಿಳಿಯುತ್ತೆ. ಕೂಡಲೇ ಏಳುವ ಪ್ರಶ್ನೆ: ಹಾಗಾದರೆ ಈ ಆಸ್ತಿ ನನ್ನದಾ? ಆಸ್ತಿ ಬಿಟ್ಟು ಮನೆಯಿಂದಲೇ ಹೊರಡುತ್ತಾರೆ. ಮರುಮದುವೆಯಾದ ಕಾತ್ಯಾಯನಿಗೆ ಆ ಕಾದಂಬರಿ ಕೊಟ್ಟ ಶಿಕ್ಷೆಯನ್ನು ನಾನು ಒಪ್ಪಲ್ಲ, ಭೈರಪ್ಪನವರ ಜೊತೆ ಜಗಳಕ್ಕೆ ನೂರು ಕಾರಣ ಇವೆ. ಆದರೆ ಗುಟ್ಟಿಗೆ ಬೆಲೆ ಕಟ್ಟಬೇಕು ಅನ್ನೋದು ಆ ಪುಸ್ತಕಕ್ಕೆ ಗೊತ್ತಿತ್ತು.

‘ಅದು ಅಮೆರಿಕದ ಟೀನೇಜ್ ಕತೆ, ಅದರಲ್ಲಿ ಆಸ್ತಿ ಯಾಕೆ ತರ್ತೀಯ?’ ಅಂತ ಕೇಳ್ತೀರಿ. ನಾನು ತಂದಿದ್ದಲ್ಲ. 1813ರಲ್ಲಿ ಜೇನ್ ಆಸ್ಟಿನ್ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಪ್ರಕಟಿಸಿದಾಗ, ಐದು ಹೆಣ್ಣುಮಕ್ಕಳಿರುವ ಮನೆ ಅಪ್ಪ ಸತ್ತ ಮೇಲೆ ದೂರದ ನೆಂಟ ಕಾಲಿನ್ಸ್ ಪಾಲಾಗುತ್ತೆ ಅನ್ನೋದೇ ಕತೆಯ ಬುಡ. ಡಾರ್ಸಿ ಮೇಲೆ ಕ್ರಶ್ ಇಟ್ಟುಕೊಂಡವರೆಲ್ಲ ಇದನ್ನೇ ಮರೆಯುತ್ತಾರೆ.

ನನಗೆ ಇದು ಬರೀ ಸಾಹಿತ್ಯದ ಚರ್ಚೆ ಅಲ್ಲ. ನಾನಿರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಇಲ್ಲಿ ದ್ರಾಕ್ಷಿ ತೋಟ, ರಾಗಿ ಹೊಲಗಳ ಬೆಲೆ ಎಕರೆಗೆ ಕೋಟಿ ಲೆಕ್ಕಕ್ಕೆ ಏರಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಸರ್ಕಾರ ಕೈ ಹಾಕಿದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತು, 2025ರ ಜುಲೈನಲ್ಲಿ ಅದನ್ನು ಕೈಬಿಡಿಸಿದರು. ಸರ್ಕಾರದ ವಿರುದ್ಧದ ಜಗಳ ಪೇಪರ್‌ನಲ್ಲಿ ಬರುತ್ತೆ. ಮನೆಯೊಳಗಿನದು ಬರಲ್ಲ. ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರದ ಯಾವ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದಾದರೂ ಒಂದು ಬೆಳಗ್ಗೆ ನಿಂತು ನೋಡಿ: ಜಮೀನು ಮಾರುವ ಮೊದಲು ಅಕ್ಕ-ತಂಗಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋ ಕಾರ್ಯಕ್ರಮ. ಇಲ್ಲಿ ‘ವಂಶವೃಕ್ಷ’ ಅಂದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ತರುವ ಕಾಗದ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ‘ಮರೆತು’ ಹೋಗೋದೂ ಉಂಟು.

ಕಾನೂನು ಮಾತ್ರ ಯಾವತ್ತೋ ಹೇಳಿಬಿಟ್ಟಿದೆ. ಕರ್ನಾಟಕ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2005ರಲ್ಲಿ ಅಪ್ಪ ಬದುಕಿರಬೇಕಿತ್ತು ಅನ್ನೋ ವಾದಕ್ಕೆ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಆದರೂ ತಂಗಿ ಸಹಿ ಹಾಕ್ತಾಳೆ. ಯಾಕೆ? ‘ಪಾಲು ಕೇಳಿದರೆ ತವರು ಮುಗೀತು’ ಅಂತ. ಗೌರಿ ಹಬ್ಬಕ್ಕೆ ಬಾಗಿನ ತರೋ ಅಣ್ಣ ಬೇಕಾ, ಅರ್ಧ ಎಕರೆ ಬೇಕಾ ಅಂತ ಕೇಳಿದರೆ ಅವಳು ಏನು ಹೇಳಬೇಕು? ಇದಕ್ಕಿಂತ ದೊಡ್ಡ ಫ್ಯಾಮಿಲಿ ಡ್ರಾಮಾ ಹೂವರ್ ಕೈಲಿ ಬರೆಯೋಕೆ ಆಗುತ್ತಾ?

ನಮ್ಮಲ್ಲೂ ಇದನ್ನು ಯಾರೂ ಬರೆಯುತ್ತಿಲ್ಲ ಅನ್ನೋದೇ ನನ್ನ ಹೊಟ್ಟೆಯುರಿ. ಈಚೆಗೆ ನಾನು ಓದಿದ ಎಳೆಯರ ಕನ್ನಡ ಪ್ರೇಮಕತೆಗಳಲ್ಲಿ ಹುಡುಗ-ಹುಡುಗಿ ನಂದಿ ಬೆಟ್ಟಕ್ಕೆ ಬೈಕಲ್ಲಿ ಹೋಗ್ತಾರೆ, ಮಂಜು ನೋಡ್ತಾರೆ, ಕಾಫಿ ಕುಡೀತಾರೆ. ಬೆಟ್ಟದ ದಾರಿಯಲ್ಲಿ ಎರಡೂ ಬದಿ ಲೇಔಟ್ ಬೋರ್ಡುಗಳಿವೆ, ಅದು ಮಾತ್ರ ಅವರ ಕಣ್ಣಿಗೆ ಬೀಳಲ್ಲ. ಅಪ್ಪ ಅಂದರೆ ಮೀಸೆ, ಅಮ್ಮ ಅಂದರೆ ಸೆರಗು. ತ್ರಿವೇಣಿ 35 ತುಂಬುವುದರೊಳಗೆ ತೀರಿಕೊಂಡರು. ಅಷ್ಟರಲ್ಲೇ ‘ಶರಪಂಜರ’ದಲ್ಲಿ, ಮನೋರೋಗದಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೇ ಹೇಗೆ ಮತ್ತೆ ಹುಚ್ಚಿಗೆ ತಳ್ಳುತ್ತಾರೆ ಅಂತ ಬರೆದಿಟ್ಟರು. ಗಂಡನನ್ನೂ ಬಿಡಲಿಲ್ಲ, ನೆಂಟರನ್ನೂ ಬಿಡಲಿಲ್ಲ. ಓದುಗರು ಅದನ್ನೂ ಮುಗಿಬಿದ್ದು ಓದಿದರು. ‘ಜನಕ್ಕೆ ಲೈಟಾಗಿರೋದೇ ಬೇಕು’ ಅನ್ನೋ ನೆಪ ನಡೆಯಲ್ಲ.

ನನಗೆ ಬೇಕಾದ ಪ್ರೇಮಕತೆ ಹೀಗಿದೆ. ವಿಜಯಪುರದ ಕಡೆಯ ಹುಡುಗಿ, ಏರ್‌ಪೋರ್ಟ್ ಕಾರ್ಗೋದಲ್ಲಿ ಕೆಲಸ. ನಿಶ್ಚಿತಾರ್ಥಕ್ಕೆ ಹತ್ತು ದಿನ ಇರುವಾಗ ಅಣ್ಣ, ‘ಒಂದು ಸಹಿ ಇದೆ, ಬಾ ಪುಟ್ಟಿ’ ಅಂತಾನೆ. ಅವಳು ಹುಡುಗನಿಗೆ ಫೋನ್ ಮಾಡ್ತಾಳೆ. ‘ಹಾಕಿಬಿಡು, ನಮಗೇನು ಕಡಿಮೆ’ ಅಂತಾನಾ? ‘ಬಿಡಬೇಡ, ನಮಗೆ ಸೈಟಿಗಾಗುತ್ತೆ’ ಅಂತಾನಾ? ಅಥವಾ ‘ನಿನ್ನ ಪಾಲು, ನೀನು ಹೇಳಿದ ಹಾಗೆ, ಅಣ್ಣ ಮಾತು ಬಿಟ್ಟರೆ ನಾನಿದೀನಿ’ ಅಂತಾನಾ? ಇವನನ್ನು ಮದುವೆಯಾಗಬಹುದಾ ಇಲ್ಲವಾ ಅಂತ ಆ ಫೋನಿನಲ್ಲೇ ಗೊತ್ತಾಗುತ್ತೆ. ಮಳೆಯಲ್ಲಿ ನೆನೆದು ಮುತ್ತು ಕೊಡೋ ಸೀನ್ ಆಮೇಲೆ ಬೇಕಾದರೆ ಇಟ್ಟುಕೊಳ್ಳಿ, ನಾನು ಖಂಡಿತ ಓದ್ತೀನಿ.