ಎರಡು ದಿನದ ನಗರಯಾತ್ರೆ

ದೇಶಾಟನದಿಂದ ಬುದ್ಧಿಯು ಹರಿತವಾಗುವದೆಂದು ಸುಭಾಷಿತಕಾರರು ಹೇಳಿದ್ದಾರೆ. ಆದರೆ ಗೃಹಸ್ಥನಿಗೆ ದೇಶಾಟನವೆಂದರೆ ಕಾಶಿ ರಾಮೇಶ್ವರಗಳೇ ಆಗಬೇಕೆಂದಿಲ್ಲ. ಶನಿವಾರ ಬೆಳಿಗ್ಗೆ ಹೊರಟು ರವಿವಾರ ರಾತ್ರಿ ಮನೆಯನ್ನು ಸೇರುವಷ್ಟು ಸಮೀಪದ ಊರನ್ನು ಹೆಂಡಿರು ಮಕ್ಕಳೊಡನೆ ಕಣ್ತುಂಬ ನೋಡಿ, ಅಲ್ಲಿಯ ಊಟವನ್ನು ಉಂಡು ಬರುವದೂ ದೇಶಾಟನವೇ. ಕಳೆದ ಚಳಿಗಾಲದಲ್ಲಿ ನಾವು ಇಂಥದೊಂದು ಯಾತ್ರೆಯನ್ನು ಮಾಡಿದೆವು. ಅದರಿಂದಾದ ಸುಖವನ್ನೂ, ಅದರಲ್ಲಿ ಬಯಲಾದ ನಮ್ಮ ಪ್ರಮಾದವನ್ನೂ ವಾಚಕರ ಮುಂದಿಡುವದು ಉಚಿತವೆಂದು ತೋರಿದೆ.

ಕಿರವತ್ತಿಯವರಿಗೆ ಪೇಟೆಯೆಂದರೆ ಹುಬ್ಬಳ್ಳಿ. ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಔಷಧಕ್ಕೂ ಮದುವೆಯ ಜವಳಿಗೂ ಅಲ್ಲಿಗೇ ಓಡುವೆವು. ಕೆಲಸ ಮುಗಿದೊಡನೆ ಸಂಜೆಯ ಬಸ್ಸನ್ನು ಹಿಡಿಯುವೆವು. ಹೀಗೆ ನೂರಾರು ಸಲ ಹೋದ ಊರನ್ನು ನಾವು ಒಂದು ಸಲವೂ ನೋಡಿರಲಿಲ್ಲ. ಆದುದರಿಂದ ಈ ಬಾರಿ ಹುಬ್ಬಳ್ಳಿ ಧಾರವಾಡಗಳನ್ನು ನೋಡುವದಕ್ಕಾಗಿಯೇ ಹೋಗಬೇಕೆಂದು ನಿಶ್ಚಯಿಸಿ, ಶಾಲೆಯ ವೇಳಾಪತ್ರಿಕೆಯಂತೆ ಗಂಟೆಗಂಟೆಗೆ ಗೆರೆ ಹಾಕಿ ಒಂದು ಪಟ್ಟಿಯನ್ನು ಸಿದ್ಧಪಡಿಸಿದೆವು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವನ ಕೈ ಸುಮ್ಮನಿರುವದಿಲ್ಲವಷ್ಟೆ.

ಮಡದಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಮತ್ತು ನಾವು, ಹೀಗೆ ಐವರು ಹೊರಟೆವು. ತೇಗದ ಕಾಡೂ ಬಿದಿರ ಮೆಳೆಯೂ ಹಿಂದೆ ಸರಿದು, ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯು ದಾಟಿದೊಡನೆ ಬಯಲು ತೆರೆದುಕೊಂಡಿತು. ಹುಬ್ಬಳ್ಳಿಯಲ್ಲಿ ಮೊದಲು ಸಿದ್ಧಾರೂಢರ ಮಠದಲ್ಲಿ ದರ್ಶನ. 1929ರಲ್ಲಿ ಸ್ವಾಮಿಗಳು ದೇಹವಿಟ್ಟ ಬಳಿಕವೂ ಅಲ್ಲಿ ಜಾತಿಮತಗಳ ಭೇದವಿಲ್ಲದೆ ಭಕ್ತರು ಸೇರುವದನ್ನು ಕಂಡು ಮನಸ್ಸು ತಂಪಾಯಿತು. ತರುವಾಯ ಅವರ ಹೆಸರನ್ನೇ ಹೊತ್ತ ರೈಲು ನಿಲ್ದಾಣ. 2023ರಲ್ಲಿ ಲೋಕಾರ್ಪಣವಾದ ಅಲ್ಲಿಯ ಪ್ಲಾಟ್‌ಫಾರ್ಮು 1,507 ಮೀಟರು ಉದ್ದವಿದೆ. ಅದನ್ನು ಕೊನೆಯವರೆಗೂ ನಡೆದೇ ತೀರುವೆನೆಂದು ಹೊರಟ ಮೊಮ್ಮಗಳು ಅರ್ಧಕ್ಕೆ ಅಪ್ಪನ ಹೆಗಲನ್ನೇರಿದಳು.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಕುಳಿತೆವು. ಬಿಸಿ ಜೋಳದ ರೊಟ್ಟಿ, ಬದನೆಯ ಎಣಗಾಯಿ, ಮಡಕೆಕಾಳಿನ ಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಪ್ಪೆಹುಳಿ ತಂಬುಳಿಗಳ ನಾಲಿಗೆಗೆ ಖಾರವು ಹೆಚ್ಚೆನಿಸಿದರೂ ಕೈ ಹಿಂದೆಗೆಯಲಿಲ್ಲ. ಬಡಿಸುವಾಕೆಯು “ಇನ್ನೊಂದು ರೊಟ್ಟಿ ಹಾಕಲೇನ್ರಿ ಅಮ್ಮಾ?” ಎಂದು ಕೇಳಿದಾಗ ನಮ್ಮ ಮಡದಿಯು ಅಭ್ಯಾಸಬಲದಿಂದ ಎದ್ದು ತಾನೇ ಬಡಿಸಹೋದಳು! ಎಲ್ಲರೂ ನಕ್ಕೆವು. ಆದರೆ ತಾನು ಬೇಯಿಸದ ಅನ್ನವನ್ನು, ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ, ಬಿಸಿಯಾಗಿರುವಾಗಲೇ ಆಕೆ ಉಂಡದ್ದು ಎಷ್ಟು ಕಾಲದ ಮೇಲೆ ಎಂಬ ವಿಚಾರವು ಆ ನಗೆಯ ಹಿಂದೆಯೇ ಬಂದಿತು.

ಸಂಜೆ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ. ನಾಲ್ಕು ದಿಕ್ಕಿಗೂ ಬಾಗಿಲುಗಳುಳ್ಳ ಆ ಚಾಲುಕ್ಯ ಗುಡಿಯನ್ನು ನೋಡಿ, ಕೆರೆಯ ದಂಡೆಯಲ್ಲಿ ಗಿರಮಿಟ್ಟು ಮಿರ್ಚಿ ಭಜಿಗಳನ್ನು ತಿಂದು, ‘ಚಿಗರಿ’ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ವಸತಿಗೃಹದಲ್ಲಿ ಇಳಿದುಕೊಂಡೆವು.

ಅಂದು ರಾತ್ರಿ ನಾವು ಮರುದಿನದ ಪಟ್ಟಿಯನ್ನು ಓದುತ್ತಿರಲು ಸೊಸೆಯು ಮೆಲ್ಲನೆ, “ಮಾವ, ಅತ್ತೆಗೆ ಕರ್ನಾಟಕ ಕಾಲೇಜನ್ನು ನೋಡಬೇಕಂತೆ” ಎಂದಳು. “ರವಿವಾರ ಮುಚ್ಚಿದ ಕಾಲೇಜಿನಲ್ಲಿ ನೋಡುವದೇನಿದೆ?” ಎಂದುಬಿಟ್ಟೆವು. ಮಡದಿಯು ಏನೂ ಅನ್ನಲಿಲ್ಲ. ಸೊಸೆಯೇ ಸಂಗತಿಯನ್ನು ಹೇಳಿದಳು. ಪಿಯುಸಿಯಲ್ಲಿ ತೇರ್ಗಡೆಯಾದ ವರ್ಷ ಆಕೆಯ ಅಣ್ಣನು ಆ ಕಾಲೇಜಿನ ಪ್ರವೇಶದ ಅರ್ಜಿಯನ್ನು ತಂದುಕೊಟ್ಟಿದ್ದನಂತೆ. ಆಕೆ ಅದನ್ನು ತುಂಬಿಯೂ ಇದ್ದಳು. ಹೆಣ್ಣುಮಗಳನ್ನು ಅಷ್ಟು ದೂರ ಇಡಲಾಗದೆಂದು ತಂದೆಯು ಸಹಿ ಮಾಡಲಿಲ್ಲ. ಮರುವರ್ಷ ನಮ್ಮೊಡನೆ ಮದುವೆಯಾಯಿತು. ಆ ಅರ್ಜಿಯು ಈಗಲೂ ಆಕೆಯ ಟ್ರಂಕಿನ ತಳದಲ್ಲಿದೆಯಂತೆ.

ವಾಚಕರೇ, ಹುಡುಗಿಯರನ್ನು ಶಾಲೆಗೆ ಕಳಿಸಿರೆಂದು ಹಳ್ಳಿಹಳ್ಳಿಯ ಅಂಗಳದಲ್ಲಿ ನಿಂತು ನಾವು ಬೇಡಿದ್ದುಂಟು. ನಮ್ಮ ಮನೆಯಲ್ಲಿಯೇ ಒಂದು ಅರ್ಜಿಯು ಅಷ್ಟು ವರ್ಷ ಮಡಚಿಟ್ಟುಕೊಂಡಿತ್ತೆಂಬದು ನಮಗೆ ತಿಳಿದಿರಲಿಲ್ಲ. ಆಕೆ ಹೇಳಲಿಲ್ಲವೆನ್ನುವದು ಸುಲಭ. ನಾವು ಕೇಳಲಿಲ್ಲವೆಂಬದೇ ಸತ್ಯ.

ಮರುದಿನ ಪಟ್ಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಹಿಂದೆ ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದು, 1917ರಲ್ಲಿ ಹುಟ್ಟಿದ ಕಾಲೇಜಿಗೆ ಮನೆಯಾದ ಆ ಕಲ್ಲಿನ ಕಟ್ಟಡದ ಮುಂದೆ ಆಕೆ ಮೊಮ್ಮಗಳ ಕೈ ಹಿಡಿದು ಬಹಳ ಹೊತ್ತು ನಿಂತಳು. “ಅಜ್ಜಿ, ನೀನು ಇಲ್ಲಿ ಕಲಿತೆಯಾ?” ಎಂದು ಮಗು ಕೇಳಿತು. “ಇಲ್ಲ ಮಗಾ, ಕಲಿಯಬೇಕೆಂದಿದ್ದೆ” ಎಂದಳು. ನಾವು ಮರದ ಕಡೆಗೆ ತಿರುಗಿ ಕನ್ನಡಕವನ್ನು ಒರೆಸಿಕೊಂಡೆವು.

ಅಲ್ಲಿಂದ ಸಾಧನಕೇರಿಗೆ ಹೋಗಿ ಬೇಂದ್ರೆಯವರ ಮನೆಯನ್ನು ಹೊರಗಿನಿಂದ ನೋಡಿದೆವು. ಕೊನೆಗೆ ಲೈನ್ ಬಝಾರಿನ ಪೇಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉನ್ನಾವದಿಂದ ಬಂದ ಠಾಕೂರ ಮನೆತನದವರು ಇಲ್ಲಿ ಬೇರೂರಿಸಿದ ತಿನಿಸಿದು. ಖೋವೆಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ನೆರೆಮನೆಯವರಿಗೂ ಸೇರಿಸಿ ಕಟ್ಟಿಸಿಕೊಂಡೆವು.

ಇಂಥ ಯಾತ್ರೆಗೆ ಹೊರಡುವ ಗೃಹಸ್ಥರಿಗೆ ನಮ್ಮ ಸೂಚನೆ ಮೂರೇ. ಎರಡು ದಿನಕ್ಕೆ ನಾಲ್ಕೈದು ಸ್ಥಳಗಳು ಸಾಕು. ಹೆಚ್ಚಾದರೆ ಓಟವಾಗುವದು, ನೋಟವಾಗದು. ಬುತ್ತಿಯ ಭಾರವನ್ನು ಮನೆಯಲ್ಲಿಯೇ ಬಿಡಿರಿ. ಅಡಿಗೆ ಮಾಡುವವರಿಗೂ ಅದು ರಜೆಯಾಗಲಿ. ಮೂರನೆಯದು, ಪಟ್ಟಿಯನ್ನು ಬರೆಯುವ ಮೊದಲು ಮನೆಯ ಪ್ರತಿಯೊಬ್ಬರನ್ನೂ “ನಿನಗೆ ಏನು ನೋಡಬೇಕೆಂದಿದೆ?” ಎಂದು ಕೇಳಿರಿ. ನಮ್ಮಂತೆ ಅಷ್ಟು ವರ್ಷ ತಡಮಾಡಬೇಡಿರಿ.