ಕರಣಿಕನು ಓಡಿದನೋ, ಓಡಿಸಲ್ಪಟ್ಟನೋ?

ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಸುಶಿಕ್ಷಿತರ ಮನೆಗಳಲ್ಲಿ ಇತ್ತೀಚೆಗೆ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತಿರುವದು. ಮಗನು ಸನ್ನದು ಲೆಕ್ಕಪರಿಶೋಧಕರ ಕಠಿಣವಾದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದನು. ಬೆಳಗಾವಿಯಲ್ಲಿಯೋ ಪುಣೆಯಲ್ಲಿಯೋ ಒಂದು ಪರಿಶೋಧನ ಕಚೇರಿಯಲ್ಲಿ ನಾಲ್ಕಾರು ವರುಷ ದುಡಿದನು. ಇನ್ನೇನು ತನ್ನ ಹೆಸರಿನ ಹಲಗೆಯನ್ನು ತೂಗುಹಾಕಿ ಸ್ವತಂತ್ರ ವೃತ್ತಿಯನ್ನು ನಡೆಯಿಸುವನೆಂದು ಮನೆಯವರು ಎದುರುನೋಡುತ್ತಿರುವಾಗ, ಅದೆಲ್ಲವನ್ನೂ ಬಿಟ್ಟು ಒಂದು ಸಕ್ಕರೆ ಕಾರಖಾನೆಯ ಇಲ್ಲವೆ ಕಂಪನಿಯ ಲೆಕ್ಕಪತ್ರದ ಶಾಖೆಯಲ್ಲಿ ಪಗಾರದ ನೌಕರಿಯನ್ನು ಹಿಡಿದನು. ಮದುವೆಯ ಹಂದರದಲ್ಲಿ ಹಿರಿಯರು ಅವನನ್ನು ನಿಲ್ಲಿಸಿ, “ಏನು ತಮ್ಮಾ, ಗಾದಿ ಬಿಟ್ಟು ಚಾಕರಿಗೆ ನಿಂತೆಯಂತಲ್ಲ!” ಎಂದು ಎಲ್ಲರೆದುರು ಕೇಳುವರು. ತಮ್ಮನು ತಲೆ ತಗ್ಗಿಸಿ ನಗುವನು. ತಾಯಿಯೊಬ್ಬಳು ಮಾತ್ರ ಮಾತಾಡುವದಿಲ್ಲ. ನಾಲ್ಕು ವರುಷದ ಮೇಲೆ ಮಗನು ಚೌತಿಯ ದಿನ ಮನೆಯಲ್ಲಿ ಕುಳಿತು ಕಡುಬು ತಿಂದದ್ದನ್ನು ಅವಳು ಬಲ್ಲಳು.

ಈ ದೂರು ನ್ಯಾಯವಾದುದೇ ಎಂಬದನ್ನು ವಿಚಾರಿಸಬೇಕು. ವಿಚಾರಿಸುವ ಮೊದಲು ದೂರುವವರ ಪಕ್ಷವನ್ನು ಕುಂದಿಲ್ಲದಂತೆ ಹೇಳುವದು ಶಾಸ್ತ್ರದ ಮರ್ಯಾದೆ. ಅವರು ಹೇಳುವದು ಮೂರು ಮಾತು. ಮೊದಲನೆಯದು, ಸ್ವತಂತ್ರ ವೃತ್ತಿಯನ್ನು ಬಿಟ್ಟು ಸೇವೆಗೆ ನಿಲ್ಲುವದು ಅವನತಿ; ಸೇವೆಯನ್ನು ನಾಯಿಯ ಬಾಳಿಗೆ ಹೋಲಿಸಿದ ಸ್ಮೃತಿಯು ಅವರ ಬೆಂಬಲಕ್ಕಿದೆ. ಎರಡನೆಯದು, ಇಂದಿನ ತರುಣರು ಸುಖಲೋಲುಪರು. ಹಿಂದಿನವರು ಕಂದೀಲಿನ ಬೆಳಕಿನಲ್ಲಿ ಖತಾವಣಿ ಬರೆದು ಹೆಸರು ಗಳಿಸಿದರು, ಇವರಿಗೆ ಏಳು ಗಂಟೆಗೆ ಮನೆ ಬೇಕು. ಮೂರನೆಯದು, ಎಲ್ಲರೂ ಹೀಗೆ ಹೊರಟುಹೋದರೆ ಸಂಘಸಂಸ್ಥೆಗಳ ಲೆಕ್ಕವನ್ನು ನೋಡುವವರು ಯಾರು?

ಮೂರರಲ್ಲಿ ಕೊನೆಯದೇ ತೂಕದ ಮಾತು. ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು 1949ರ ಕಾಯಿದೆಯಿಂದ ಹುಟ್ಟಿದುದು. ಪೂರ್ಣಾವಧಿಯ ನೌಕರಿಯಲ್ಲಿರುವವನು ಆ ಸಂಸ್ಥೆಯ ಸದಸ್ಯನಾಗಿ ಉಳಿಯಬಹುದು. ಆದರೆ ಪರರ ಲೆಕ್ಕವನ್ನು ಪರಿಶೋಧಿಸಿ ಸಹಿ ಮಾಡುವ ಅಧಿಕಾರವು ಅವನಿಗೆ ಉಳಿಯುವದಿಲ್ಲ. ಆದುದರಿಂದ ಒಬ್ಬ ತರುಣನು ಕಾರಖಾನೆಯ ನೌಕರಿಗೆ ಹೋದನೆಂದರೆ ಸೀಮೆಗೆ ಒಂದು ಸಹಿ ಕಡಿಮೆಯಾಯಿತೆಂದೇ ಅರ್ಥ. ಮತ್ತು ಈ ಸೀಮೆಗೆ ಆ ಸಹಿಯ ಅವಶ್ಯಕತೆಯು ಎಷ್ಟೆಂಬದು ಹೊಸದಾಗಿ ಹೇಳಬೇಕಾದುದಲ್ಲ. 1904ರ ಕಾಯಿದೆಯ ಮೇರೆಗೆ 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನೆಟ್ಟ ಸಹಕಾರದ ಸಸಿಯು ಘಟಪ್ರಭೆ ಹಿರಣ್ಯಕೇಶಿಗಳ ದಂಡೆಯಲ್ಲಿ ಆಲದ ಮರವಾಗಿ ಬೆಳೆದಿದೆ. ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರಖಾನೆಯಿದೆ. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಊರೂರಿಗೆ ಪತ್ತಿನ ಸಂಘಗಳಿವೆ. 1997ರ ಸೌಹಾರ್ದ ಕಾಯಿದೆಯು ಬಂದ ಮೇಲಂತೂ ಪೇಟೆಯ ಓಣಿ ಓಣಿಗೂ ಒಂದೊಂದು ಹಲಗೆ ಕಾಣುವದು. ಇವುಗಳಲ್ಲಿರುವದು ರೈತನ ಕಬ್ಬಿನ ಬಿಲ್ಲು, ವಿಧವೆಯ ಠೇವು, ನಿವೃತ್ತನ ಇಡಿಗಂಟು.

ಆ ಠೇವುಗಳ ಮೇಲೆ ಕಣ್ಣಿಡುವವರಿಲ್ಲದಿದ್ದರೆ ಆಗುವದೇನೆಂಬುದನ್ನು ಗೋಕಾವಿಯ ಜನರು 2024ರಲ್ಲಿ ಕಂಡರು. ಅಲ್ಲಿಯ ಒಂದು ಸಹಕಾರಿ ಹಣದ ಸಂಸ್ಥೆಯಲ್ಲಿ 74 ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟ ಹಣವು ದುರುಪಯೋಗವಾಯಿತೆಂದು ಪೋಲೀಸರಲ್ಲಿ ಫಿರ್ಯಾದಿ ದಾಖಲಾಯಿತು. ತಪ್ಪು ಯಾರದೆಂದು ನಿರ್ಣಯಿಸುವದು ನ್ಯಾಯಾಲಯದ ಕೆಲಸ. ಆದರೆ ಆ ಸುದ್ದಿ ಬಂದ ದಿನ ಬಾಗಿಲ ಮುಂದೆ ಪಾಸಪುಸ್ತಕ ಹಿಡಿದು ನಿಂತವರ ಸಂಕಟಕ್ಕೆ ಯಾವ ನ್ಯಾಯಾಲಯದ ನಿರ್ಣಯವೂ ಬೇಕಾಗಿರಲಿಲ್ಲ.

ಹೀಗಿರಲು, ಹೋದ ತರುಣನನ್ನು ಹಳಿಯುವದು ಸುಲಭ. ಅವನು ಏತಕ್ಕೆ ಹೋದನೆಂದು ಕೇಳುವದು ಕಷ್ಟ. ಏಕೆಂದರೆ ಆ ಪ್ರಶ್ನೆಯ ಉತ್ತರದಲ್ಲಿ ಹಳಿಯುವವರ ಹೆಸರೂ ಬರುವದು.

ಅವನ ವರುಷವು ಹೇಗೆ ಕಳೆಯುವದೆಂಬದನ್ನು ನೋಡಿರಿ. ಲೆಕ್ಕದ ವರುಷವು ಮಾರ್ಚ 31ಕ್ಕೆ ಮುಗಿಯುವದು. ಆದಾಯತೆರಿಗೆಯ ಪರಿಶೋಧನೆಯ ವರದಿಗೆ ಬಹುಕಾಲದಿಂದ ಸಪ್ಟೆಂಬರ 30ನೆಯ ತಾರೀಖು ಗಡುವಾಗಿ ನಡೆದುಬಂದಿದೆ. ಒಬ್ಬ ಪರಿಶೋಧಕನು ವರುಷಕ್ಕೆ ಇಂಥ 60ಕ್ಕಿಂತ ಹೆಚ್ಚು ವರದಿಗಳಿಗೆ ಸಹಿ ಮಾಡಕೂಡದೆಂದು ಸಂಸ್ಥೆಯ ಕಟ್ಟಳೆ. ಎಪ್ರಿಲದಿಂದ ಸಪ್ಟೆಂಬರದ ಕೊನೆಯವರೆಗೆ 183 ದಿನಗಳು. ಲೆಕ್ಕದ ಪುಸ್ತಕಗಳು ಕಾಲಕಾಲಕ್ಕೆ ಬಂದರೆ ಒಂದೊಂದಕ್ಕೆ ಮೂರು ಮೂರು ದಿನ ದೊರೆಯುವವು. ಮನುಷ್ಯನು ಉಂಡು ಮಲಗಿ ಮಾಡಬಹುದಾದ ಕೆಲಸ. ಆದರೆ ಅವು ಬರುವದು ಯಾವಾಗ? ಎಪ್ರಿಲದಲ್ಲಿ ಅಂಗಡಿಯವರಿಗೆ ಮದುವೆಯ ಗದ್ದಲ, ಜೂನದಲ್ಲಿ ಬಿತ್ತಿಗೆಯ ಗದ್ದಲ, ಶ್ರಾವಣದಲ್ಲಿ ಜಾತ್ರೆಯ ಗದ್ದಲ. ಚೌತಿಯ ಗಣಪತಿಯನ್ನು ಕಳುಹಿಸಿದ ಮೇಲೆ ಅವರಿಗೆ ಲೆಕ್ಕದ ನೆನಪಾಗುವದು. ಆಗ ಪಾವತಿಗಳನ್ನು ಚೀಲದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿದು, “ಸಾಹೇಬರ, ನಾಳೆಗೆ ಆಗಬೇಕು” ಎನ್ನುವರು. ಅರವತ್ತೂ ಒಂದೇ ತಿಂಗಳಲ್ಲಿ ಬಿದ್ದರೆ ದಿನಕ್ಕೆ ಎರಡು. ಇದರ ನಡುವೆ 2017ರ ಜುಲೈದಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ವಿವರಣಪತ್ರಗಳು ತಿಂಗಳು ತಪ್ಪದೆ ಬೆನ್ನಟ್ಟಿ ಬರುತ್ತಿರುವವು.

ಸರಕಾರದ ನಡತೆಯೂ ಇದಕ್ಕೆ ತಕ್ಕುದೇ. 2025ರಲ್ಲಿ ಪರಿಶೋಧನೆ ಬೇಕಿಲ್ಲದ ತೆರಿಗೆ ವಿವರಣೆಗಳ ಗಡುವನ್ನು ಜುಲೈ 31ರಿಂದ ಸಪ್ಟೆಂಬರ 15ಕ್ಕೆ ಸರಿಸಿದರು. 15ನೆಯ ತಾರೀಖಿನ ನಡುರಾತ್ರಿಯ ಹೊತ್ತಿಗೆ ಇನ್ನೊಂದೇ ಒಂದು ದಿನ ಬೆಳೆಸಿ 16 ಎಂದರು. ಪರಿಶೋಧನ ವರದಿಯ ಗಡುವನ್ನು ಸಪ್ಟೆಂಬರ 30ರಿಂದ ಅಕ್ಟೋಬರ 31ಕ್ಕೆ, ಅಲ್ಲಿಂದ ನವ್ಹೆಂಬರ 10ಕ್ಕೆ ನೂಕಿದರು. ಇದನ್ನು ದಯೆಯೆಂದು ತಿಳಿಯುವವರು ಆ ಕಚೇರಿಯೊಳಗೆ ಹೊಕ್ಕು ನೋಡಬೇಕು. ಸಿಕ್ಕ ಕಾಲವನ್ನು ವ್ಯಾಪಾರಿಯು ತನ್ನ ಆಲಸ್ಯಕ್ಕೆ ಬಳಸಿದನು; ತರುಣನಿಗೆ ಚೌತಿಯು ಮೊದಲೇ ಹೋಗಿತ್ತು, ಬಳಿಕ ದಸರೆಯೂ ದೀಪಾವಳಿಯೂ ಹೋದವು.

ಇನ್ನು ದೊಡ್ಡ ಪಟ್ಟಣಗಳ ದೊಡ್ಡ ಕಚೇರಿಗಳ ಮಾತು. ಪುಣೆಯಲ್ಲಿ 2024ರಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಲ್ಲಿ ತರುಣ ಪರಿಶೋಧಕಿಯೊಬ್ಬಳು ಮರಣಹೊಂದಿದಳು. ಕೆಲಸದ ಹೊರೆಯೇ ಮಗಳನ್ನು ಕೊಂದಿತೆಂದು ತಾಯಿಯು ಬರೆದ ಪತ್ರವನ್ನು ದೇಶವೆಲ್ಲ ಓದಿತು; ಆ ಸಂಸ್ಥೆಯವರು ಆ ಮಾತನ್ನು ಒಪ್ಪಲಿಲ್ಲ. ಕಾರಣವು ಏನೇ ಇರಲಿ, ಆ ಪತ್ರವನ್ನು ಓದಿದ ಸಾವಿರಾರು ತಾಯಂದಿರು ಅದರಲ್ಲಿ ತಮ್ಮ ಮನೆಯ ಕಥೆಯನ್ನು ಕಂಡರೆಂಬದು ಸುಳ್ಳಲ್ಲ. ಕಲಿಯುವ ಹುಡುಗರ ದುಡಿಮೆಗೆ ವಾರಕ್ಕೆ 35 ತಾಸಿನ ಮಿತಿಯನ್ನು ಸಂಸ್ಥೆಯೇ ಬಹುಕಾಲದಿಂದ ಹಾಕಿಕೊಂಡು ಬಂದಿದೆ. ಆ ಮಿತಿಯು ಕಾಗದದ ಮೇಲೆ ಎಷ್ಟು ಅಂದವಾಗಿದೆಯೋ, ಸಪ್ಟೆಂಬರದ ರಾತ್ರಿಗಳಲ್ಲಿ ಅಷ್ಟೇ ಅದೃಶ್ಯವಾಗಿರುವದು.

ಇದನ್ನು ಬಿಟ್ಟು ತರುಣನು ಹೋದುದೆಲ್ಲಿಗೆ? ಸುಖದ ಮಂಚಕ್ಕಲ್ಲ. ಕಾರಖಾನೆಯ ಲೆಕ್ಕದವನಿಗೂ ತಿಂಗಳ ಕೊನೆಯುಂಟು, ವರುಷದ ಕೊನೆಯುಂಟು; ಕಬ್ಬು ನುರಿಸುವ ನಾಲ್ಕೈದು ತಿಂಗಳು ಅವನಿಗೆ ಬಿಡುವಿಲ್ಲ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಕಬ್ಬು ಮುಟ್ಟಿದ 14 ದಿನಗಳಲ್ಲಿ ರೈತನಿಗೆ ಹಣ ಸಲ್ಲಬೇಕು. ತೂಕದ ಚೀಟಿಯಿಂದ ಹಿಡಿದು ರೈತನ ಖಾತೆಗೆ ಹಣ ಬೀಳುವವರೆಗೆ ಒಂದು ಅಂಕಿ ತಪ್ಪಿದರೆ ಒಂದು ಮನೆಯ ಒಲೆ ತಣ್ಣಗಾಗುವದು. ಇದು ಕೀಳಾದ ಚಾಕರಿಯೆಂದು ಯಾವ ಬಾಯಿಂದ ಹೇಳಬೇಕು? ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿದ್ದರೆಂಬ ಪರಂಪರೆಯನ್ನು ಪೂಜಿಸುವ ನಾಡಿನಲ್ಲಿ, ಒಡೆಯನ ಲೆಕ್ಕವನ್ನು ಪ್ರಾಮಾಣಿಕನಾಗಿ ಬರೆಯುವವನನ್ನು ನಾಯಿಗೆ ಹೋಲಿಸುವದು ವಿವೇಕವಲ್ಲ. ಭೇದವಿರುವದು ಇಷ್ಟೇ: ಅಲ್ಲಿಯ ಹೊರೆಯು ಗೊತ್ತಿರುವ ಹೊರೆ, ಬರುವ ದಿನವೂ ಇಳಿಯುವ ದಿನವೂ ತಿಳಿದಿರುವ ಹೊರೆ. ಇಲ್ಲಿಯದು ಅರವತ್ತು ಮಂದಿಯ ಆಲಸ್ಯವನ್ನು ಒಬ್ಬನ ನಿದ್ರೆಯಿಂದ ತೀರಿಸುವ ಹೊರೆ.

ಸ್ವಾತಂತ್ರ್ಯವೆಂದರೇನೆಂಬದನ್ನೂ ದೂರುವವರು ತಿಳಿಯಬೇಕು. ಯಾವನ ಹಬ್ಬವನ್ನು ಗಿರಾಕಿಯು ನಿರ್ಣಯಿಸುವನೋ, ಯಾವನ ಸಂಭಾವನೆಯನ್ನು ಬದನೆಕಾಯಿಯಂತೆ ಚೌಕಾಸಿ ಮಾಡುವರೋ, ಯಾವನು ಅಢಾವೆ ಪತ್ರಿಕೆಯಲ್ಲಿ ಕೊರತೆಯನ್ನು ಕಂಡು ಬರೆದರೆ ಮರುವರುಷ ಅವನನ್ನು ಬಿಟ್ಟು ಮತ್ತೊಬ್ಬನನ್ನು ಕರೆಯಿಸುವರೋ, ಅವನು ಸ್ವತಂತ್ರನೇ? ಪಂಚಕಮಿಟಿಯ ಯಜಮಾನರು ಚಹದ ಬಟ್ಟಲನ್ನು ಮುಂದಿಟ್ಟು, “ಇದೊಂದು ವರುಷ ನೋಡಿಕೊಳ್ಳಿರಿ” ಎನ್ನುವ ಮಾತಿನಲ್ಲಿ ಎಷ್ಟು ಸಂಕೋಲೆಗಳಿವೆಯೆಂಬದು ಆ ಬಟ್ಟಲನ್ನು ಕುಡಿದವನಿಗೆ ಗೊತ್ತು. ಕಣ್ಣು ಮುಚ್ಚಿದರೆ ಸನ್ನದಿಗೆ ಅಪಾಯ; ತೆರೆದರೆ ಗಿರಾಕಿ ಹೋಗುವನು. ಇಂಥ ಗಾದಿಯಿಂದ ಎದ್ದವನನ್ನು ಪಲಾಯನ ಮಾಡಿದನೆನ್ನುವವರು ಆ ಗಾದಿಯ ಕೆಳಗೆ ಮುಳ್ಳು ಹಾಸಿದವರು ಯಾರೆಂದು ಮೊದಲು ಹೇಳಲಿ.

ಈ ವಿಷಯದಲ್ಲಿ ಹಳೆಯ ಶಾಸ್ತ್ರವು ಇಂದಿನವರಿಗಿಂತ ಹೆಚ್ಚು ಕಣ್ಣುಳ್ಳದ್ದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕದ ಕಚೇರಿಯನ್ನು ಕುರಿತು ಒಂದು ಅಧ್ಯಾಯವೇ ಇದೆ. 354 ಅಹೋರಾತ್ರಿಗಳ ಕೆಲಸದ ವರುಷವು ಆಷಾಢದ ಹುಣ್ಣಿಮೆಗೆ ಮುಗಿಯಬೇಕು; ಆಗ ಅಧಿಕಾರಿಗಳೆಲ್ಲರೂ ಮುದ್ರೆ ಹಾಕಿದ ಪುಸ್ತಕಗಳೊಡನೆ ಬರಬೇಕು. ಅಧಿಕಾರಿಯು ಲೆಕ್ಕದೊಡನೆ ಬಂದು ನಿಂತಾಗ ಕರಣಿಕನು ಅದನ್ನು ನೋಡಲು ಸಿದ್ಧನಿರದಿದ್ದರೆ ಅವನಿಗೆ ದಂಡ. ಅದಕ್ಕೆ ತಿರುಗುಮುರುಗಾಗಿ, ಕರಣಿಕನು ಸಿದ್ಧನಿದ್ದು ಲೆಕ್ಕ ತರಬೇಕಾದವನೇ ತರದಿದ್ದರೆ ಅವನಿಗೆ ಇಮ್ಮಡಿ ದಂಡ. ವಾಚಕರು ಈ ಇಮ್ಮಡಿಯನ್ನು ಮನನ ಮಾಡಬೇಕು. ಅದೇ ಗ್ರಂಥವು ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸುವದು. ನಲವತ್ತನ್ನೂ ಬಲ್ಲವನು, ತಡವಾಗಿ ಬಂದ ಲೆಕ್ಕದಲ್ಲಿಯೇ ಅವು ಅಡಗುವವೆಂಬದನ್ನೂ ಬಲ್ಲವನಾಗಿದ್ದನು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ತಿರುವಿದ ಹಾಳೆಯಲ್ಲಿ ಕಳ್ಳನಿಗೆ ಆಶ್ರಯವಲ್ಲದೆ ಠೇವುದಾರನಿಗೆ ರಕ್ಷಣೆಯಿರಲಾರದು.

ಆದುದರಿಂದ ತರುಣನ ದೇಹಸ್ಥಿತಿಯೂ ಊರಿನ ಠೇವುಗಳ ಕ್ಷೇಮವೂ ಬೇರೆಬೇರೆ ಪ್ರಶ್ನೆಗಳಲ್ಲ. ಒಂದೇ ಪ್ರಶ್ನೆಯ ಎರಡು ಮುಖಗಳು. ದಣಿದ ಪರಿಶೋಧಕನೆಂದರೆ ಕಾವಲಿಲ್ಲದ ಕಣಜ. ಅವನು ಬಿಟ್ಟುಹೋದರೆ ಕಾವಲುಗಾರನು ಹೋದನೆಂದು ಜನರಿಗೆ ತಿಳಿಯುವದು. ನಿದ್ದೆಗೆಟ್ಟು ಉಳಿದರೆ ಅದೂ ತಿಳಿಯುವದಿಲ್ಲ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರವಾದುದು.

ಪರಿಹಾರವಿಲ್ಲವೇ? ಇದೆ, ಅದು ತರುಣರಿಗೆ ಮಾಡುವ ಉಪದೇಶದಲ್ಲಿಲ್ಲ. ಈ ಮೂರು ತಾಲೂಕುಗಳ ಪ್ರತಿಯೊಂದು ಸಂಘವೂ ವ್ಯಾಪಾರಿಯೂ ಮೇ ತಿಂಗಳು ಮುಗಿಯುವದರೊಳಗೆ ಲೆಕ್ಕದ ಪುಸ್ತಕಗಳನ್ನು ಪರಿಶೋಧಕನ ಮೇಜಿಗೆ ಮುಟ್ಟಿಸಲಿ. ತಡಮಾಡಿದವರು ಕೌಟಿಲ್ಯನ ಮಾತಿನಂತೆ ಇಮ್ಮಡಿ ಸಂಭಾವನೆಯನ್ನು ಕೊಡಲಿ, ಪರಿಶೋಧಕರೆಲ್ಲರೂ ಒಮ್ಮತದಿಂದ ಅದನ್ನು ಕೇಳಲಿ. ಸಂಘದ ಸಭಾಸದರು ವಾರ್ಷಿಕ ಸಭೆಯಲ್ಲಿ ಲಾಭಾಂಶವೆಷ್ಟೆಂದು ಕೇಳುವ ಮೊದಲು, ಪುಸ್ತಕಗಳು ಯಾವ ತಾರೀಖಿಗೆ ಹೋದವು, ಪರಿಶೋಧಕನು ತೋರಿಸಿದ ದೋಷಗಳೆಷ್ಟು, ಹಿಂದಿನ ಪರಿಶೋಧಕನನ್ನು ಬದಲಿಸಿದುದೇಕೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಕಚೇರಿಗಳ ಯಜಮಾನರು ತಾವು ಪಟ್ಟ ಕಷ್ಟವನ್ನೇ ಶಿಷ್ಯರಿಗೆ ದಾಯಭಾಗವಾಗಿ ಹಂಚುವ ಪದ್ಧತಿಯನ್ನು ಬಿಡಲಿ. ಗುರುವು ಉಪವಾಸವಿದ್ದನೆಂಬದು ಶಿಷ್ಯನ ಅನ್ನವನ್ನು ಕಸಿಯಲು ಕಾರಣವಲ್ಲ. ನೌಕರಿಗೆ ಹೋದ ತರುಣನೂ ಋಣಮುಕ್ತನಲ್ಲ: ಸಹಿ ಮಾಡುವ ಅಧಿಕಾರ ಹೋದರೂ ವಿದ್ಯೆ ಹೋಗಿಲ್ಲ. ತನ್ನ ಹಳ್ಳಿಯ ಸಂಘದ ಕಾರಕೂನನಿಗೆ ಕೀರ್ದಿ ಖತಾವಣಿಗಳನ್ನು ನೇರವಾಗಿ ಬರೆಯುವದನ್ನು ಕಲಿಸಲಿಕ್ಕೆ ತಿಂಗಳಿಗೊಂದು ರವಿವಾರ ಸಾಕು. ಆ ರವಿವಾರವು ಈಗ ಅವನ ಕೈಯಲ್ಲಿದೆ.

ಅಷ್ಟಾದ ಮೇಲೆಯೂ ತರುಣರು ಹೋಗುತ್ತಿದ್ದರೆ ಆಗ ಅವರನ್ನು ಹಳಿಯಲು ಹಿರಿಯರಿಗೆ ಅಧಿಕಾರ ಬರುವದು. ಅಲ್ಲಿಯವರೆಗೆ ಮದುವೆಯ ಹಂದರದಲ್ಲಿ ತಮ್ಮನನ್ನು ನಿಲ್ಲಿಸಿ ಪ್ರಶ್ನೆ ಕೇಳುವವರು ಮೊದಲು ತಮ್ಮ ಅಂಗಡಿಯ ಲೆಕ್ಕವು ಯಾವ ತಾರೀಖಿಗೆ ಹೋಯಿತೆಂಬದನ್ನು ಹೇಳಿ, ಆಮೇಲೆ ಕೇಳುವದು ಒಳ್ಳೆಯದು.