ಮೂರು ದಶಕದ ಸಿಇಟಿ: ಏರಿದ ಅಂಕ, ಉಳಿದ ಅಂತರ

1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಶುರುವಾದಾಗ ಕರ್ನಾಟಕವನ್ನು ಕಾಡುತ್ತಿದ್ದ ಪಿಡುಗು ಕ್ಯಾಪಿಟೇಶನ್, ಅಂದರೆ ಸೀಟಿಗಾಗಿ ಕಾಲೇಜುಗಳು ಮಾಡುತ್ತಿದ್ದ ಹಣ ವಸೂಲಿ. ಅದನ್ನು ತಡೆಯಲು 1984ರಲ್ಲೇ ಕಾಯ್ದೆ ಬಂದಿತ್ತು. ವಸೂಲಿ ಮಾತ್ರ ನಿಂತಿರಲಿಲ್ಲ. 1992ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟು ಸರ್ಕಾರಿ ಶುಲ್ಕದಲ್ಲಿ ಅರ್ಹರಿಗೆ ಸಿಗಬೇಕೆಂದಿತು. ಆ ಅರ್ಹತೆಯನ್ನು ಎಲ್ಲರಿಗೂ ಒಂದೇ ಬಗೆಯಲ್ಲಿ ಅಳೆಯಲು ಸಿಇಟಿ ಬಂತು.

ಮೂರು ದಶಕ ಕಳೆದ ಮೇಲೆ ತಿರುಗಿ ನೋಡಿದರೆ, ಆ ಪರೀಕ್ಷೆ ಕೊಟ್ಟ ಮೊದಲ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ ಎನ್ನಬೇಕು. ಬೆಂಗಳೂರಿನ ಸಿಇಟಿ ಘಟಕದ ಪರದೆಯ ಮೇಲೆ ಉಳಿದ ಸೀಟುಗಳನ್ನು ಕಣ್ಣಾರೆ ಕಂಡು, ತಮಗೆ ಬೇಕಾದ ಕಾಲೇಜನ್ನು ಆರಿಸಿಕೊಂಡ ರೈತರ, ಗುಮಾಸ್ತರ, ಮೇಷ್ಟ್ರ ಮಕ್ಕಳು ಒಂದಿಡೀ ತಲೆಮಾರಿನಷ್ಟಿದ್ದಾರೆ. ಯಾರ ಶಿಫಾರಸೂ ಇಲ್ಲದೆ, ರ‍್ಯಾಂಕ್ ಒಂದನ್ನೇ ನಂಬಿ ಬಂದವರು ಅವರು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿಯೂ ಈ ವ್ಯವಸ್ಥೆಯೊಳಗೆ ಸೇರಿತು. 371(ಜೆ) ವಿಧಿ ಜಾರಿಯಾದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೂ ಪ್ರತ್ಯೇಕ ಪಾಲು ದೊರೆಯಿತು.

ಮುಂದೆ ಹಾದಿ ಕವಲೊಡೆಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಉನ್ನಿಕೃಷ್ಣನ್ ಸೂತ್ರವನ್ನು ತೆಗೆದುಹಾಕಿ ಖಾಸಗಿ ಕಾಲೇಜುಗಳಿಗೆ ಹೆಚ್ಚಿನ ಸ್ವಾಯತ್ತೆ ಕೊಟ್ಟಿತು. 2004ರಲ್ಲಿ ಆ ಕಾಲೇಜುಗಳದೇ ಪ್ರವೇಶ ಪರೀಕ್ಷೆ ನಡೆಸುವ ಒಕ್ಕೂಟ ಕಾಮೆಡ್-ಕೆ ಹುಟ್ಟಿತು. ವೈದ್ಯಕೀಯ ಪ್ರವೇಶಕ್ಕಾಗಿ 2013ರಲ್ಲಿ ಮೊದಲು ನಡೆದು ರದ್ದಾಗಿದ್ದ ನೀಟ್ 2016ರಲ್ಲಿ ಮರಳಿ ಬಂತು. ಹೀಗಾಗಿ ಇಂದಿನ ದ್ವಿತೀಯ ಪಿಯು ವಿಜ್ಞಾನ ವಿದ್ಯಾರ್ಥಿಯ ಎದುರು ಬೋರ್ಡ್ ಪರೀಕ್ಷೆ, ಸಿಇಟಿ, ಕಾಮೆಡ್-ಕೆ, ಜೆಇಇ, ನೀಟ್ ಎಲ್ಲವೂ ಕೆಲವೇ ತಿಂಗಳೊಳಗೆ ಸಾಲುಗಟ್ಟಿ ನಿಲ್ಲುತ್ತವೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ; ತಪ್ಪಿದರೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು ಅಂಕ ಬಂದರೆ ತಪ್ಪಿಗೆ ಒಂದು ಹೋಗುತ್ತದೆ. ಹದಿನೇಳರ ಮಕ್ಕಳು ಪಠ್ಯದ ಜೊತೆಗೆ ಪರೀಕ್ಷೆ ಬರೆಯುವ ಇಂಥ ಭಿನ್ನ ಭಿನ್ನ ಕ್ರಮಗಳನ್ನೂ ಕಲಿಯಬೇಕಾಗಿದೆ.

ಈ ಹೊರೆಯ ಮೇಲೆಯೇ ಕೋಚಿಂಗ್ ಉದ್ಯಮ ಬೆಳೆಯಿತು. ಸಂಜೆಯ ಟ್ಯೂಷನ್ ಆಗಿದ್ದದ್ದು ಇಂಟಿಗ್ರೇಟೆಡ್ ಪಿಯು ಆಯಿತು, ಹಾಸ್ಟೆಲ್ ಸಮೇತ ಪ್ಯಾಕೇಜ್ ಆಯಿತು. ಸೀಟು ಸಿಗದವರಿಗೆ ಇಡೀ ವರ್ಷದ ಲಾಂಗ್ ಟರ್ಮ್ ತರಗತಿಯೂ ಬಂತು. ಸೀಟಿನ ಬಾಗಿಲಲ್ಲಿ ತಡೆದ ಹಣ ಎರಡು ವರ್ಷ ಹಿಂದೆ ಸರಿದು, ತಯಾರಿಯ ಬಾಗಿಲಲ್ಲಿ ನಿಂತಿತು. ಈ ಮೂರು ದಶಕದ ಅತಿ ದೊಡ್ಡ ಬಾಕಿ ಇದೇ.

ಅಂಕಗಳು ಏರಿವೆ, ನಿಜ. 2024ರ ನೀಟ್‌ನಲ್ಲಿ ಮೊದಲು ಪ್ರಕಟವಾದ ಫಲಿತಾಂಶದ ಪ್ರಕಾರ 67 ಮಂದಿ 720ಕ್ಕೆ 720 ಪಡೆದಿದ್ದರು. ಆದರೆ ಸೀಟು ಕೊಡುವುದು ರ‍್ಯಾಂಕ್. ತೇರು ನೋಡಲು ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ಹೆಚ್ಚೇನೂ ಕಾಣದು, ಕಾಲು ನೋಯುವುದು ಮಾತ್ರ ಎಲ್ಲರಿಗೂ. ನಿಂತುಕೊಳ್ಳಲು ಮೊದಲೇ ಎತ್ತರದ ಜಗುಲಿ ಸಿಕ್ಕವರು ಅಲ್ಲಿಯೂ ಮುಂದಿರುತ್ತಾರೆ.

ಹಾಗಾದರೆ ಅಂಕ ಹೆಚ್ಚಿಸುವ ವಿದ್ಯೆ ಅಷ್ಟು ದುಬಾರಿಯೇ? ಅಲ್ಲ ಎಂಬುದನ್ನು ಪಾಲಕರು ಮೊದಲು ಅರಿಯಬೇಕು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ನಡೆಸಿದರು. ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ಬಳಿಕ ಕೊಟ್ಟ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಬಳಿಕ ಮುಂದಿದ್ದವರು ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು. ಅಂಡರ್‌ಲೈನ್ ಎಳೆಯುತ್ತ ನಾಲ್ಕನೇ ಸಲ ಓದುವ ಗಂಟೆಗಿಂತ, ಖಾಲಿ ಹಾಳೆಯ ಮೇಲೆ ನೆನಪಾದದ್ದನ್ನೆಲ್ಲ ಬರೆಯುವ ಇಪ್ಪತ್ತು ನಿಮಿಷ ಹೆಚ್ಚು ಫಲ ಕೊಡಬಲ್ಲದು.

ಒಳ್ಳೆಯ ಉಪನ್ಯಾಸಕರು ಮೊದಲಿನಿಂದಲೂ ಹೇಳುತ್ತ ಬಂದದ್ದೂ ಇದಕ್ಕಿಂತ ದೂರವಿಲ್ಲ. ಎನ್‌ಸಿಇಆರ್‌ಟಿ ಪಠ್ಯವನ್ನು ಸಾಲು ಬಿಡದೆ ಓದುವುದು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು, ಒಎಂಆರ್ ಹಾಳೆಯ ಮೇಲೆಯೇ ಅಭ್ಯಾಸ ಮಾಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪಿದ ಪ್ರತಿ ಪ್ರಶ್ನೆಯ ಕಾರಣ ಬರೆದಿಡುವುದು: ಪರಿಕಲ್ಪನೆ ತಿಳಿದಿರಲಿಲ್ಲವೇ, ಲೆಕ್ಕ ತಪ್ಪಿತೇ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೇ? ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಮತ್ತೆ ಪಾಠ ಬೇಕು, ಎರಡನೆಯದಕ್ಕೆ ರೂಢಿ ಬೇಕು, ಮೂರನೆಯದಕ್ಕೆ ಸಾವಧಾನ ಬೇಕು. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧದಷ್ಟು ತೂಕ ಪಿಯು ಅಂಕಗಳಿಗೇ ಇರುವುದರಿಂದ, ಸಿಇಟಿಗೆಂದು ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವುದು ಲೆಕ್ಕದ ದೃಷ್ಟಿಯಿಂದಲೂ ನಷ್ಟ.

ಇವುಗಳಲ್ಲಿ ಯಾವುದಕ್ಕೂ ಲಕ್ಷಗಟ್ಟಲೆ ಹಣ ಬೇಡ. ಬೇಕಾಗಿರುವುದು ತಪ್ಪನ್ನು ತೋರಿಸಿ ತಿದ್ದುವ ಒಬ್ಬ ಉಪನ್ಯಾಸಕ ಮತ್ತು ಓದಲು ಒಂದಿಷ್ಟು ಹೊತ್ತು. ಸರ್ಕಾರಿ ಪಿಯು ಕಾಲೇಜಿನ ಮಗುವಿಗೆ ಕೊರತೆ ಇರುವುದು ಇವೆರಡಕ್ಕೇ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನಕ್ಕೆ ಬಂದ ಹುಡುಗಿಗೆ ಮೊದಲ ಕೆಲವು ತಿಂಗಳು ಇಂಗ್ಲಿಷ್ ಪಾಠಕ್ಕೆ ಕಿವಿಗೊಡುವುದರಲ್ಲೇ ಕಳೆಯುತ್ತವೆ. ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಸಂಜೆಯೂ ಮುಗಿದಿರುತ್ತದೆ. ಅತಿಥಿ ಉಪನ್ಯಾಸಕರು ಬರುವ ತನಕ ಭೌತವಿಜ್ಞಾನದ ತರಗತಿ ಖಾಲಿ ಹೋದರೆ ಆಕೆಗೆ ತಿದ್ದುವವರು ಯಾರು? ಮೀಸಲಾತಿ ಸೀಟು ಕೊಡಿಸಬಹುದು. ಕೈತಪ್ಪಿದ ಆ ಎರಡು ವರ್ಷದ ಪಾಠವನ್ನು ಅದು ಮರಳಿ ಕೊಡಲಾರದು.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2020ರ ಲಾಕ್‌ಡೌನ್‌ನಲ್ಲಿ ‘ಗೆಟ್‌ಸಿಇಟಿಗೋ’ ಎಂಬ ಉಚಿತ ಆನ್‌ಲೈನ್ ತರಬೇತಿ ಕೊಟ್ಟಿತು. ಆದರೆ ವಿಡಿಯೊ ಪಾಠ ಒಪ್ಪಿಸಬಲ್ಲದು. ಎದುರು ಕೂತ ಮಗುವಿನ ನೋಟ್‌ಬುಕ್ಕಿನಲ್ಲಿ ತಪ್ಪು ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾರದು.

ಪರೀಕ್ಷೆ ನಡೆಸುವವರ ಹೊಣೆಯೂ ಕಡಿಮೆಯಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿ ಇಲ್ಲದ ಭಾಗಗಳಿಂದ ಪ್ರಶ್ನೆಗಳು ಬಂದು, ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಅದೇ ವರ್ಷ ನೀಟ್ ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕದ ಗೊಂದಲ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು; ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಪಠ್ಯವನ್ನೇ ನಂಬಿ ಓದಿದ ಮಗುವಿಗೆ ಪಠ್ಯದ ಹೊರಗಿನ ಪ್ರಶ್ನೆ ಎದುರಾದರೆ ನಷ್ಟ ಒಂದು ಅಂಕದ್ದಷ್ಟೇ ಅಲ್ಲ. ಕೋಚಿಂಗ್ ಇಲ್ಲದೆ ಆಗದು ಎಂಬ ಭಯ ಆ ಮನೆಯಲ್ಲಿ ಗಟ್ಟಿಯಾಗುತ್ತದೆ.

ಮುಂದಿನ ದಶಕದ ಕೆಲಸ ಸ್ಪಷ್ಟವಾಗಿದೆ. ಪ್ರತಿ ಸರ್ಕಾರಿ ಪಿಯು ವಿಜ್ಞಾನ ಕಾಲೇಜಿನಲ್ಲೂ ಜೂನ್‌ನಲ್ಲೇ ಎಲ್ಲ ಉಪನ್ಯಾಸಕರು ಇರಬೇಕು. ವಾರಕ್ಕೊಂದು ಕಿರುಪರೀಕ್ಷೆ ವೇಳಾಪಟ್ಟಿಯೊಳಗೇ ಸೇರಬೇಕು, ಮರುದಿನವೇ ತಪ್ಪುಗಳ ಚರ್ಚೆ ನಡೆಯಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ತಿಂಗಳುಗಳಲ್ಲಿ ಎರಡೂ ಭಾಷೆಗಳಲ್ಲಿ ಪಾಠ ಸಿಗಬೇಕು. ಪ್ರಶ್ನೆಪತ್ರಿಕೆ ಪಠ್ಯಕ್ರಮದ ಗೆರೆ ದಾಟದಂತೆ ಪರೀಕ್ಷಾ ಪ್ರಾಧಿಕಾರ ಹೊಣೆ ಹೊರಬೇಕು. ಸಿಇಟಿ ಫಲಿತಾಂಶದ ದಿನ ಮೊದಲ ಹತ್ತು ರ‍್ಯಾಂಕ್‌ಗಳ ಜೊತೆಗೆ, ಸರ್ಕಾರಿ ಕಾಲೇಜುಗಳ ಎಷ್ಟು ಮಕ್ಕಳಿಗೆ ಸೀಟು ಸಿಕ್ಕಿತೆಂಬ ತಾಲ್ಲೂಕುವಾರು ಲೆಕ್ಕವನ್ನೂ ಪ್ರಕಟಿಸಲಿ. ಸಿಇಟಿ ಕ್ಯಾಪಿಟೇಶನ್ನಿಗೆ ಉತ್ತರವಾಯಿತೋ, ಅದಕ್ಕೆ ಹೊಸ ವಿಳಾಸವಷ್ಟೇ ಹುಡುಕಿಕೊಟ್ಟಿತೋ ಎಂಬುದನ್ನು ಇನ್ನು ಮುಂದೆ ಆ ಲೆಕ್ಕ ಹೇಳಬೇಕು.